ಉಜ್ಜಿದರೆ ಹೋಗುವುದೇನು?

ಸ್ನಾನವೆಂದರೆ ಮೈ ಉಜ್ಜುವುದು ಎಂಬ ನಂಬಿಕೆ ಕನ್ನಡ ನಾಡಿನ ಬಚ್ಚಲುಮನೆಗಳಲ್ಲಿ ಬಹಳ ಹಳೆಯದು. ಹಂಡೆಯ ಬಿಸಿನೀರು, ಸೀಗೆಪುಡಿ, ಕಡಲೆಹಿಟ್ಟು, ಬೆನ್ನು ತಿಕ್ಕಲು ಒಣಗಿದ ಹೀರೆಯ ನಾರು, ಕಾಲಿಗೆ ಒರಟು ಕಲ್ಲು: ಇವು ತಲೆಮಾರುಗಳಿಂದ ಬಂದ ಸಾಮಗ್ರಿ. ಈಗ ಅವುಗಳ ಪಕ್ಕದಲ್ಲಿ ನೈಲಾನ್ ಬಲೆಯ ಉಂಡೆ, ಉದ್ದ ಹಿಡಿಯ ಬ್ರಷ್, ಕಾಫಿಪುಡಿಯ ಸ್ಕ್ರಬ್, ಗ್ಲೈಕೋಲಿಕ್ ಆಮ್ಲದ ಸೀಸೆ ಬಂದು ಕೂತಿವೆ. ಸಾಮಗ್ರಿ ಬದಲಾದರೂ ಅದರ ಹಿಂದಿರುವ ತರ್ಕ ಬದಲಾಗಿಲ್ಲ. ಚರ್ಮದ ಮೇಲೆ ಸತ್ತ ಪದರವೊಂದು ಕೂಡಿಕೊಳ್ಳುತ್ತ ಹೋಗುತ್ತದೆ. ಅದನ್ನು ಆಗಾಗ ತೆಗೆಯದಿದ್ದರೆ ಚರ್ಮ ಒರಟಾಗುತ್ತದೆ, ಕಳೆಗುಂದುತ್ತದೆ, ಕಪ್ಪಾಗುತ್ತದೆ ಎಂಬುದು ಆ ತರ್ಕ. ಬ್ಯೂಟಿ ಪಾರ್ಲರ್‌ಗಳಲ್ಲಿ ಹೇಳುವುದು ಇದನ್ನೇ, ಮನೆಯ ಹಿರಿಯರು ಹೇಳುತ್ತ ಬಂದದ್ದೂ ಹೆಚ್ಚುಕಡಿಮೆ ಇದನ್ನೇ. ಇಷ್ಟು ಬೇರೆ ಬೇರೆ ಕಡೆಗಳಿಂದ ಒಂದೇ ಮಾತು ಕೇಳಿಬಂದಾಗ ಅದನ್ನು ಪರೀಕ್ಷಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಆದರೆ ಇದು ಪರೀಕ್ಷಿಸಬೇಕಾದ ಮಾತು. ಏಕೆಂದರೆ ಇದು ಒಂದೇ ಮಾತಲ್ಲ, ಒಟ್ಟಿಗೆ ಕಟ್ಟಿಟ್ಟ ಮೂರು ಮಾತುಗಳು. ಅವನ್ನು ಬಿಡಿಸಿ ಇಟ್ಟರೆ ಹೀಗಿವೆ:

1. ಚರ್ಮದ ಮೇಲಿರುವ ಸತ್ತ ಜೀವಕೋಶಗಳು ಕಸ. ದೇಹಕ್ಕೆ ಅವುಗಳಿಂದ ಪ್ರಯೋಜನವಿಲ್ಲ, ತೆಗೆದಷ್ಟೂ ಒಳ್ಳೆಯದು.

2. ಅವನ್ನು ತೆಗೆದರೆ ಒಳಗಿನಿಂದ ಹೊಸ ಜೀವಕೋಶಗಳು ಬೇಗ ಹುಟ್ಟಿ ಬರುತ್ತವೆ, ಚರ್ಮ ಎಳೆಯದಾಗುತ್ತದೆ.

3. ಕುತ್ತಿಗೆ, ಮೊಣಕೈ, ಬೆನ್ನು ಮುಂತಾದೆಡೆ ಕಾಣುವ ಕಪ್ಪು ಮೇಲೆ ಕೂತದ್ದು. ಬಿಡದೆ ಉಜ್ಜಿದರೆ ಅದು ಹೋಗುತ್ತದೆ.

ಮೂರರಲ್ಲಿಯೂ ಒಂದಿಷ್ಟು ನಿಜವಿದೆ. ಚರ್ಮದ ಹೊರಪದರ ಸತ್ತ ಜೀವಕೋಶಗಳದ್ದೇ. ಉಜ್ಜಿದಾಗ ಜೀವಕೋಶಗಳ ಹುಟ್ಟು ಚುರುಕಾಗುವುದೂ ಹೌದು. ಕೆಲವು ಕಪ್ಪು ಉಜ್ಜಿದರೆ ಹೋಗುತ್ತದೆ ಎಂಬುದೂ ಸುಳ್ಳಲ್ಲ. ಅರ್ಧ ನಿಜಗಳು ಪೂರ್ತಿ ಸುಳ್ಳಿಗಿಂತ ಹೆಚ್ಚು ಕಾಲ ಬಾಳುವುದರಿಂದಲೇ ಈ ನಂಬಿಕೆ ಗಟ್ಟಿಯಾಗಿ ಉಳಿದುಕೊಂಡಿದೆ.

ಮೊದಲು ಚರ್ಮ ಕೆಲಸ ಮಾಡುವ ಬಗೆ. ಮೇಲುಚರ್ಮದ ತಳದಲ್ಲಿ ಜೀವಕೋಶಗಳು ನಿರಂತರವಾಗಿ ಹುಟ್ಟುತ್ತವೆ. ಹುಟ್ಟಿದವು ಮೆಲ್ಲಗೆ ಮೇಲೇರುತ್ತ, ಚಪ್ಪಟೆಯಾಗುತ್ತ, ಕೊನೆಗೆ ತಮ್ಮ ಕೋಶಕೇಂದ್ರವನ್ನು ಕಳೆದುಕೊಂಡು ಕೆರಾಟಿನ್ ಎಂಬ ಪ್ರೋಟೀನು ತುಂಬಿದ ಹಲ್ಲೆಗಳಾಗುತ್ತವೆ, ಅಂದರೆ ತೆಳು ಬಿಲ್ಲೆಗಳಾಗುತ್ತವೆ. ಆರೋಗ್ಯವಂತ ಯುವಕರಲ್ಲಿ ಈ ಪಯಣಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ, ವಯಸ್ಸಾದಂತೆ ನಿಧಾನವಾಗುತ್ತದೆ. ಈ ಹಲ್ಲೆಗಳು ಹದಿನೈದು ಇಪ್ಪತ್ತು ಸಾಲುಗಳಲ್ಲಿ ಒಂದರ ಮೇಲೊಂದು ಕೂತು ರೂಪಿಸಿದ ಹೊರಪದರವನ್ನು ವೈದ್ಯರು ಸ್ಟ್ರಾಟಮ್ ಕಾರ್ನಿಯಮ್ ಎನ್ನುತ್ತಾರೆ. ಅಂಗೈ, ಅಂಗಾಲು ಬಿಟ್ಟರೆ ಮೈಯ ಬಹುಭಾಗದಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಐವತ್ತನೇ ಒಂದು ಭಾಗದವರೆಗೆ ಮಾತ್ರ. ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಇಲಿಯಾಸ್ 1980ರ ದಶಕದಲ್ಲಿ ಇದನ್ನು ಇಟ್ಟಿಗೆ ಮತ್ತು ಗಾರೆಯ ಗೋಡೆಗೆ ಹೋಲಿಸಿದರು. ಸತ್ತ ಜೀವಕೋಶಗಳು ಇಟ್ಟಿಗೆ. ಅವುಗಳ ನಡುವೆ ತುಂಬಿರುವ ಸೆರಾಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳ ಮಿಶ್ರಣ ಗಾರೆ. ಒಳಗಿನ ನೀರು ಹೊರಗೆ ಆವಿಯಾಗಿ ಹೋಗದಂತೆ, ಹೊರಗಿನ ಸೋಪು, ಧೂಳು, ಸೂಕ್ಷ್ಮಜೀವಿಗಳು ಒಳಗೆ ಇಳಿಯದಂತೆ ತಡೆಯುವುದು ಈ ಗೋಡೆಯೇ. ಅದರ ಕೆಳಗಿರುವ ಜೀವಂತ ಪದರಗಳಿಗೆ ಆ ಶಕ್ತಿ ಬಹಳ ಕಡಿಮೆ.

ಇಲ್ಲಿಗೆ ಮೊದಲನೆಯ ಮಾತು ಅಲುಗಾಡುತ್ತದೆ. ಜೀವಕೋಶ ಸತ್ತಿದೆ ಎಂಬುದರಿಂದ ಅದು ನಿರುಪಯೋಗಿ ಎಂದಾಗುವುದಿಲ್ಲ. ಚರ್ಮದ ಮಟ್ಟಿಗೆ ಸಾಯುವುದೇ ಆ ಕೋಶದ ಕೆಲಸದ ಆರಂಭ. ಮೇಲೇರುವಾಗ ಕೋಶದೊಳಗಿನ ಫಿಲಗ್ರಿನ್ ಎಂಬ ಪ್ರೋಟೀನು ಒಡೆದು ನೀರನ್ನು ಹಿಡಿದಿಡುವ ಅಮೈನೋ ಆಮ್ಲಗಳಾಗುತ್ತದೆ; ಚರ್ಮ ಮೃದುವಾಗಿರುವುದು ಬಹುಪಾಲು ಇವುಗಳಿಂದ. ಅಂದರೆ ಕಸವೆಂದು ತೆಗೆದು ಹಾಕುವ ಪದರದಲ್ಲಿಯೇ ಚರ್ಮದ ತೇವಾಂಶದ ಸಂಗ್ರಹವಿದೆ. ಇಷ್ಟಾದರೂ, ಕೆಲಸ ಮುಗಿದ ಮೇಲಿನ ಹಲ್ಲೆಗಳು ಹೋಗಲೇಬೇಕಲ್ಲ ಎಂದು ಕೇಳಬಹುದು. ಹೋಗಬೇಕು, ಹೋಗುತ್ತವೆ. ಹಲ್ಲೆಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನಿನ ಕೊಂಡಿಗಳನ್ನು ಕ್ಯಾಲಿಕ್ರೀನ್ ಎಂಬ ಕಿಣ್ವಗಳು ಕತ್ತರಿಸುತ್ತವೆ. ಆ ಕಿಣ್ವಗಳಿಗೆ ಲಗಾಮು ಹಾಕುವ ಬೇರೆ ಪ್ರೋಟೀನುಗಳಿವೆ. ಲಗಾಮು ಎಷ್ಟು ಬಿಗಿ ಎಂಬುದನ್ನು ನಿರ್ಧರಿಸುವುದು ಚರ್ಮದ ಸೌಮ್ಯ ಆಮ್ಲೀಯತೆ, ಅಂದರೆ ಸುಮಾರು 4.5ರಿಂದ 5.5ರ ಪಿಎಚ್. ಹೀಗೆ ದಿನವೂ ಕೋಟ್ಯಂತರ ಹಲ್ಲೆಗಳು ಕಣ್ಣಿಗೆ ಕಾಣದಂತೆ ಉದುರುತ್ತವೆ. ಕೆಳಗೆ ಹುಟ್ಟಿದಷ್ಟೇ ಮೇಲೆ ಉದುರುವುದರಿಂದ ಪದರದ ದಪ್ಪ ಒಂದೇ ಸಮ ಉಳಿಯುತ್ತದೆ. ಸತ್ತ ಕೋಶಗಳು ಕೂಡುತ್ತಲೇ ಹೋಗುವುದಾಗಿದ್ದರೆ ಎಂದೂ ಸ್ಕ್ರಬ್ ಮುಟ್ಟದವರ ತೋಳು, ಹೊಟ್ಟೆ, ತೊಡೆಗಳು ವರ್ಷ ಕಳೆದಂತೆ ಚಿಪ್ಪುಗಟ್ಟಬೇಕಿತ್ತು. ಹಾಗೆ ಆಗುವುದಿಲ್ಲ.

ಈ ವ್ಯವಸ್ಥೆಯನ್ನು ಕೆಡಿಸುವುದು ಕಷ್ಟವೇನಲ್ಲ. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಅದು ಚರ್ಮದ ಆಮ್ಲೀಯತೆಯನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ಇಳಿಸಿ, ಗಾರೆಯ ಕೊಬ್ಬನ್ನೂ ಒಂದಿಷ್ಟು ತೊಳೆದುಬಿಡುತ್ತದೆ. ಬಹಳ ಬಿಸಿಯಾದ ನೀರು ಅದಕ್ಕೆ ನೆರವಾಗುತ್ತದೆ. ಅದರ ಮೇಲೆ ನೈಲಾನ್ ಬಲೆಯಿಂದ ತಿಕ್ಕಿದರೆ ಇನ್ನೂ ಹಣ್ಣಾಗದ, ಕೊಂಡಿ ಕಳಚದ ಹಲ್ಲೆಗಳೂ ಕಿತ್ತು ಬರುತ್ತವೆ. ಸ್ನಾನವಾದ ಮೇಲೆ ಚರ್ಮ ಬಿಗಿದಂತಾಗುವುದು, ಚಳಿಗಾಲದಲ್ಲಿ ಕಾಲಿನ ಮೇಲೆ ಬಿಳಿ ಗೀರು ಮೂಡುವುದು, ಸಂಜೆ ಹೊತ್ತಿಗೆ ತುರಿಕೆ ಏಳುವುದು ಹಲವರಲ್ಲಿ ಇದರ ಫಲ. ಆ ಬಿಳಿ ಗೀರನ್ನೇ ಸತ್ತ ಚರ್ಮವೆಂದು ತಿಳಿದು ಮರುದಿನ ಇನ್ನೂ ಗಟ್ಟಿಯಾಗಿ ಉಜ್ಜುವವರಿದ್ದಾರೆ. ತೇವ ಕಳೆದುಕೊಂಡ ಪದರದಲ್ಲಿ ಕಿಣ್ವಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಹಲ್ಲೆಗಳು ಒಂದೊಂದಾಗಿ ಉದುರುವ ಬದಲು ಗುಂಪಾಗಿ ಅಂಟಿಕೊಂಡು ಪೊರೆಯಂತೆ ಏಳುತ್ತವೆ. ಅದಕ್ಕೆ ಬೇಕಾದದ್ದು ತೇವ ಮತ್ತು ಎಣ್ಣೆ, ತಿಕ್ಕಾಟವಲ್ಲ.

ಇದಕ್ಕೆ ಎದುರಾಗಿ ಕಣ್ಣಾರೆ ಕಂಡ ಸಾಕ್ಷ್ಯವನ್ನು ಮುಂದಿಡುವವರ ಮಾತನ್ನೂ ಕೇಳಬೇಕು. ಉಜ್ಜಿದಾಗ ಬೂದು ಬಣ್ಣದ ಸುರುಳಿಗಳು ಹೊರಬರುತ್ತವೆ, ಉಜ್ಜಿದ ಮೇಲೆ ಚರ್ಮ ನಯವಾಗಿ ಹೊಳೆಯುತ್ತದೆ. ಇವೆರಡೂ ಸುಳ್ಳೇ ಎಂಬುದು ಅವರ ಪ್ರಶ್ನೆ. ಸುಳ್ಳಲ್ಲ, ಆದರೆ ಅವು ಸಾಬೀತುಪಡಿಸುವುದು ಬೇರೆ ಸಂಗತಿಯನ್ನು. ಬಿಸಿನೀರಿನಲ್ಲಿ ನೆನೆದು ಉಬ್ಬಿದ ಚರ್ಮವನ್ನು ಯಾವಾಗ ತಿಕ್ಕಿದರೂ ಸುರುಳಿ ಬರುತ್ತದೆ. ಅದರಲ್ಲಿ ಹಲ್ಲೆಗಳು, ಮೈಯ ಜಿಡ್ಡು, ಸ್ವಲ್ಪ ಧೂಳು ಎಲ್ಲವೂ ಸೇರಿರುತ್ತವೆ. ಕೊಳವೆಬಾವಿಯ ಗಡಸು ನೀರಾದರೆ ಅದರ ಕ್ಯಾಲ್ಸಿಯಮ್ಮಿನೊಡನೆ ಸೋಪು ಕೂಡಿ ಆದ ಗಸಿಯೂ ಇರುತ್ತದೆ. ಏನೋ ಹೊರಬಂತು ಎಂಬುದು ಅದು ಹೊರಬರಬೇಕಿತ್ತು ಎಂಬುದಕ್ಕೆ ಪುರಾವೆಯಾಗದು. ಹೊಳಪಿನ ವಿಷಯವೂ ಹಾಗೆಯೇ. ಸಡಿಲವಾದ ಹಲ್ಲೆಗಳ ಅಂಚುಗಳು ಎದ್ದಿದ್ದಾಗ ಬೆಳಕು ಚದುರುತ್ತದೆ, ಕಂದು ಚರ್ಮ ಬೂದಿ ಬಳಿದಂತೆ ಕಾಣುತ್ತದೆ. ಅಂಚುಗಳನ್ನು ತೆಗೆದರೆ ಮೇಲ್ಮೈ ಸಮವಾಗಿ ಹೊಳೆಯುತ್ತದೆ. ಕೊಬ್ಬರಿ ಎಣ್ಣೆಯನ್ನೋ ಸಾಧಾರಣ ಮಾಯಿಶ್ಚರೈಸರನ್ನೋ ಹಚ್ಚಿದರೂ ಅಂಚುಗಳ ನಡುವಿನ ಸಂದು ತುಂಬಿ ಬಹುಮಟ್ಟಿಗೆ ಅದೇ ಹೊಳಪು ಬರುತ್ತದೆ, ಗೋಡೆಯ ಒಂದು ಇಟ್ಟಿಗೆಯನ್ನೂ ಕೀಳದೆ.

ಎರಡನೆಯ ಮಾತು ಹೊಸ ಜೀವಕೋಶಗಳ ಬಗ್ಗೆ. ಹರ್ಮನ್ ಪಿಂಕಸ್ ಎಂಬ ಚರ್ಮವಿಜ್ಞಾನಿ 1950ರ ದಶಕದ ಆರಂಭದಲ್ಲಿ ಅಂಟುಪಟ್ಟಿಯನ್ನು ಚರ್ಮಕ್ಕೆ ಅಂಟಿಸಿ ಮತ್ತೆ ಮತ್ತೆ ಕಿತ್ತು ಹೊರಪದರವನ್ನು ತೆಗೆದು ನೋಡಿದರು. ಆ ಬಳಿಕದ ಎರಡು ಮೂರು ದಿನಗಳಲ್ಲಿ ತಳದ ಜೀವಕೋಶಗಳ ವಿಭಜನೆ ಗಣನೀಯವಾಗಿ ಹೆಚ್ಚಿತು. ಪದರ ಕಿತ್ತರೆ ಹೊಸ ಕೋಶ ಹುಟ್ಟುತ್ತದೆ ಎಂಬ ಮಾರಾಟದ ಮಾತಿಗೆ ಇದು ಆಧಾರವಾಗಿ ಕಾಣಬಹುದು. ಆದರೆ ಆಗ ನಡೆಯುತ್ತಿರುವುದು ದುರಸ್ತಿ. ಗಾಯವಾದಲ್ಲಿಯೂ ಕೋಶಗಳು ಬೇಗ ವಿಭಜನೆಗೊಳ್ಳುತ್ತವೆ, ಸೋರಿಯಾಸಿಸ್ ಕಾಯಿಲೆಯಲ್ಲಂತೂ ಅವು ವಾರದೊಳಗೇ ಮೇಲೇರಿ ಬರುತ್ತವೆ. ವೇಗವೇ ಆರೋಗ್ಯದ ಗುರುತಾಗಿದ್ದರೆ ಸೋರಿಯಾಸಿಸ್ ಇರುವ ಚರ್ಮವೇ ಎಲ್ಲಕ್ಕಿಂತ ಆರೋಗ್ಯದ ಚರ್ಮವೆನ್ನಬೇಕಾಗುತ್ತದೆ. ಇನ್ನೊಂದು ಕಡೆ, ಸದಾ ಉಜ್ಜಾಟಕ್ಕೆ ಸಿಕ್ಕ ಚರ್ಮ ತೆಳುವಾಗಿ ಎಳೆಯದಾಗುವ ಬದಲು ದಪ್ಪವಾಗುತ್ತದೆ. ಗುದ್ದಲಿ ಹಿಡಿಯುವವರ ಅಂಗೈಯ ಜಡ್ಡು, ಬರಿಗಾಲಲ್ಲಿ ನಡೆಯುವವರ ಹಿಮ್ಮಡಿ, ಸದಾ ತುರಿಸಿಕೊಳ್ಳುವ ಜಾಗದಲ್ಲಿ ಒರಟಾಗಿ ಗೆರೆಬಿದ್ದ ಚರ್ಮ ಇವೆಲ್ಲ ಒಂದೇ ನಿಯಮದ ಉದಾಹರಣೆಗಳು: ಉಜ್ಜಾಟ ಬಂದಲ್ಲಿ ಗೋಡೆ ದಪ್ಪವಾಗುತ್ತದೆ. ಹೀಗಾಗಿ ಉಜ್ಜುವ ಅಭ್ಯಾಸ ತನ್ನ ಅಗತ್ಯವನ್ನು ತಾನೇ ಹುಟ್ಟಿಸಿಕೊಳ್ಳಬಲ್ಲದು.

ಈ ಸಂಗತಿ ಅತ್ಯಂತ ದುಃಖದ ರೂಪದಲ್ಲಿ ಕಾಣಿಸುವುದು ಮೂರನೆಯ ಮಾತಿನಲ್ಲಿ, ಅಂದರೆ ಕಪ್ಪಿನ ವಿಷಯದಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಮೇಲುಚರ್ಮದ ತಳದಲ್ಲಿ. ಸ್ಕ್ರಬ್ ಅಲ್ಲಿಗೆ ತಲುಪುವುದಿಲ್ಲ, ತಲುಪಿದರೆ ಅದು ಗಾಯ. ಕಂದು ಚರ್ಮದ ಇನ್ನೊಂದು ಗುಣವೆಂದರೆ ಯಾವುದೇ ಕೆರಳಿಕೆಗೂ ಅದು ಹೆಚ್ಚು ಮೆಲನಿನ್ ತಯಾರಿಸಿ ಉತ್ತರ ಕೊಡುತ್ತದೆ. ಮೊಡವೆ ಒಣಗಿದ ಮೇಲೆ, ಸೊಳ್ಳೆ ಕಚ್ಚಿದ ಮೇಲೆ, ಬೆಲ್ಟು ಒತ್ತಿದ ಜಾಗದಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದು ಇದರಿಂದಲೇ. 1980ರ ದಶಕದಲ್ಲಿ ಜಪಾನಿನ ವೈದ್ಯರು ನೈಲಾನ್ ಟವೆಲ್ಲಿನಿಂದ ಮೈ ತಿಕ್ಕುವವರಲ್ಲಿ ಕೊರಳೆಲುಬು, ಬೆನ್ನಿನ ಹೆಗಲ ಮೂಳೆ, ತೋಳು, ಮೊಣಕಾಲಿನ ಕೆಳಗಿನ ಎಲುಬು ಮುಂತಾದ ಕಡೆ ಕಪ್ಪು ಪಟ್ಟೆಗಳು ಮೂಡುವುದನ್ನು ದಾಖಲಿಸಿದರು. ಭಾರತದ ಚರ್ಮರೋಗ ತಜ್ಞರಿಗೂ ಇದು ಚೆನ್ನಾಗಿ ಪರಿಚಿತ. ಫ್ರಿಕ್ಷನ್ ಮೆಲನೋಸಿಸ್ ಎಂದು ಕರೆಯುತ್ತಾರೆ. ಚರ್ಮದ ಕೆಳಗೆ ಎಲುಬು ಹತ್ತಿರವಿರುವಲ್ಲಿ ಒತ್ತಡ ಹೆಚ್ಚು ಬೀಳುತ್ತದೆ, ಅಲ್ಲಿನ ಕೋಶಗಳು ಹಾನಿಗೊಂಡು ಮೆಲನಿನ್ ಕಣಗಳು ಕೆಳಗಿನ ಒಳಚರ್ಮಕ್ಕೆ ಉದುರುತ್ತವೆ. ಕೆಲವರಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನೂ ಅಲ್ಲಿ ಶೇಖರವಾಗುತ್ತದೆ. ಒಳಚರ್ಮಕ್ಕೆ ಇಳಿದ ಬಣ್ಣ ಮೇಲಿನಿಂದ ಎಷ್ಟು ತಿಕ್ಕಿದರೂ ಬರದು. ಬರದಿದ್ದಾಗ ಇನ್ನಷ್ಟು ತಿಕ್ಕುತ್ತಾರೆ, ಕಪ್ಪು ಇನ್ನಷ್ಟು ಹೆಚ್ಚುತ್ತದೆ. ಕಾರಣವನ್ನೇ ಚಿಕಿತ್ಸೆಯೆಂದು ನಂಬಿದ್ದರಿಂದ ಈ ವಿಷವರ್ತುಲಕ್ಕೆ ಕೊನೆಯೇ ಇರುವುದಿಲ್ಲ. ವೈದ್ಯರು ಮೊದಲು ಹೇಳುವ ಮಾತು ನಾರು, ಬಲೆ, ಬ್ರಷ್ಷು ಎಲ್ಲ ಬಿಡಿ ಎಂಬುದು. ಬಿಟ್ಟ ಮೇಲೂ ಬಣ್ಣ ತಿಳಿಯಾಗಲು ಬಹಳ ಕಾಲ ಬೇಕು.

ಕುತ್ತಿಗೆಯ ಕಪ್ಪಿನ ಕಥೆ ಇದಕ್ಕಿಂತ ಗಂಭೀರ. ಕುತ್ತಿಗೆಯ ಹಿಂಭಾಗ, ಕಂಕುಳು, ತೊಡೆಸಂದಿಯಲ್ಲಿ ಚರ್ಮ ದಪ್ಪವಾಗಿ, ಮಖಮಲ್ಲಿನಂತೆ ಮೆತ್ತಗೆ, ಕಪ್ಪಾಗುವುದಕ್ಕೆ ಅಕಾಂಥೋಸಿಸ್ ನೈಗ್ರಿಕಾನ್ಸ್ ಎಂದು ಹೆಸರು. ಬಹುತೇಕ ಸಂದರ್ಭಗಳಲ್ಲಿ ಇದರ ಹಿಂದಿರುವುದು ಇನ್ಸುಲಿನ್ ಪ್ರತಿರೋಧ: ರಕ್ತದಲ್ಲಿ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಕೆಣಕಿ ಬೆಳೆಸುತ್ತದೆ. ಸಕ್ಕರೆ ಕಾಯಿಲೆ ಬರುವ ಮುನ್ನವೇ, ಹುಡುಗಿಯರಲ್ಲಿ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆಯ ಜೊತೆಯಲ್ಲಿ ಇದು ಕಾಣಿಸಿಕೊಳ್ಳಬಹುದು. ಹದಿಹರೆಯದ ಮಕ್ಕಳ ಕುತ್ತಿಗೆ ಕಪ್ಪಾದಾಗ ಮನೆಯವರು ಸ್ನಾನ ಸರಿಯಾಗಿ ಮಾಡಿಲ್ಲವೆಂದು ಗದರಿ, ನಿಂಬೆಹಣ್ಣು ಸಕ್ಕರೆ ಹಾಕಿ ತಿಕ್ಕುವುದು ಎಲ್ಲೆಡೆ ನಡೆಯುತ್ತದೆ. ಇದರಿಂದ ಮಗುವಿಗೆ ಮೂರು ಬಗೆಯ ಅನ್ಯಾಯವಾಗುತ್ತದೆ. ಮಾಡದ ತಪ್ಪಿಗೆ ಅವಮಾನ. ತಿಕ್ಕಾಟದಿಂದ ಇನ್ನಷ್ಟು ಕಪ್ಪು. ರಕ್ತಪರೀಕ್ಷೆಯಿಂದ ಬೇಗ ತಿಳಿಯಬಹುದಾಗಿದ್ದ ತೊಂದರೆ ತಡವಾಗಿ ಗೊತ್ತಾಗುವುದು. ನಿಂಬೆರಸದ ಪಿಎಚ್ ಸುಮಾರು 2, ಅದು ಚರ್ಮವನ್ನು ಕೆರಳಿಸುತ್ತದೆ. ಸಾಲದ್ದಕ್ಕೆ ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಕೆಲವು ರಾಸಾಯನಿಕಗಳು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂಥ ಗಾಯ, ಆಮೇಲೆ ಗಾಢ ಕಲೆ ಆಗುವುದೂ ಉಂಟು.

ಇನ್ನು ಆಕ್ಷೇಪಗಳು. ಮೊದಲನೆಯದು ಪರಂಪರೆಯದು. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯ ಅಭ್ಯಂಗದ ಜೊತೆಗೆ ಉದ್ವರ್ತನವನ್ನೂ, ಅಂದರೆ ಪುಡಿಗಳಿಂದ ಮೈ ತಿಕ್ಕುವುದನ್ನೂ ಹೇಳುತ್ತದೆ. ಟರ್ಕಿಯ ಹಮಾಮುಗಳಲ್ಲಿ ಕೆಸೆ ಎಂಬ ಒರಟು ಕೈಗವಸಿದೆ. ಕೊರಿಯಾದ ಸಾರ್ವಜನಿಕ ಸ್ನಾನಗೃಹಗಳಲ್ಲಿ 1960ರ ದಶಕದಿಂದ ಇಟಲಿ ಟವೆಲ್ ಎಂಬ ವಿಸ್ಕೋಸ್ ಬಟ್ಟೆ ಬಳಕೆಯಲ್ಲಿದೆ. ಇಷ್ಟು ನಾಡುಗಳ ಜನ ತಪ್ಪು ಮಾಡಿದರೇ ಎಂಬ ಪ್ರಶ್ನೆ ನ್ಯಾಯವಾದದ್ದು. ಈ ಪದ್ಧತಿಗಳಿಗೆ ಸುಖವಿದೆ, ಒಡನಾಟವಿದೆ, ಬಿಸಿನೀರು ದಿನವೂ ಸಿಗದ ಕಾಲದಲ್ಲಿ ಶುಚಿಯ ನಿಜವಾದ ಪ್ರಯೋಜನವೂ ಇತ್ತು. ಆದರೆ ವಾರಕ್ಕೊಮ್ಮೆಯ ಎಣ್ಣೆಸ್ನಾನವನ್ನು ದಿನನಿತ್ಯದ ನೈಲಾನ್ ತಿಕ್ಕಾಟಕ್ಕೆ ಸಮರ್ಥನೆಯಾಗಿ ತರುವುದು ಸರಿಯಲ್ಲ. ಎಣ್ಣೆಸ್ನಾನದಲ್ಲಿ ಮೊದಲು ಎಣ್ಣೆ ಹಚ್ಚಿ ನೆನೆಸುತ್ತಾರೆ. ಕಡಲೆಹಿಟ್ಟು, ಸೀಗೆಪುಡಿಗಳ ಮುಖ್ಯ ಕೆಲಸ ಹೆಚ್ಚಾದ ಎಣ್ಣೆಯನ್ನು ಹೀರುವುದು. ಎಣ್ಣೆಯ ತೆಳುಪದರ ಸ್ನಾನದ ನಂತರವೂ ಮೈಮೇಲೆ ಉಳಿಯುತ್ತದೆ. ಎಣ್ಣೆಯನ್ನು ಬಿಟ್ಟು, ಸೋಪನ್ನು ಸೇರಿಸಿ, ವಾರವನ್ನು ದಿನವಾಗಿಸಿದರೆ ಉಳಿದದ್ದು ಆ ಪರಂಪರೆಯಲ್ಲ. ಪರಂಪರೆಯೊಳಗೂ ಬಿಡಬೇಕಾದದ್ದಿದೆ. ಹಸುಗೂಸಿನ ಮೈಗೂದಲು ಹೋಗಲೆಂದು ಹಿಟ್ಟಿನಿಂದ ತಿಕ್ಕುವುದು ಅಂಥದ್ದು. ಆ ನವಿರು ಕೂದಲು ತಾನಾಗಿಯೇ ಉದುರುತ್ತದೆ; ಕೂಸಿನ ಹೊರಪದರ ದೊಡ್ಡವರದಕ್ಕಿಂತ ತೆಳು, ಬೇಗ ಹಾನಿಗೊಳ್ಳುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಉಜ್ಜದೆ ಬಿಟ್ಟರೆ ಪೊರೆ ಕಟ್ಟುವುದನ್ನು ವೈದ್ಯಶಾಸ್ತ್ರವೇ ಒಪ್ಪುತ್ತದಲ್ಲ? ಒಪ್ಪುತ್ತದೆ. ಶಸ್ತ್ರಚಿಕಿತ್ಸೆಯಾದ ಜಾಗವನ್ನು ನೋವಿನ ಭಯದಿಂದ ತಿಂಗಳುಗಟ್ಟಲೆ ಮುಟ್ಟದವರಲ್ಲಿ ಕಂದು ಪೊರೆ ಕಟ್ಟುವುದಕ್ಕೆ ಡರ್ಮಟೋಸಿಸ್ ನೆಗ್ಲೆಕ್ಟಾ ಎನ್ನುತ್ತಾರೆ. ಚೆನ್ನಾಗಿ ಸ್ನಾನ ಮಾಡುವವರಲ್ಲಿಯೂ ಮಣ್ಣಿನಂತೆ ಕಾಣುವ, ಸೋಪಿಗೆ ಜಗ್ಗದ ಕಲೆಗಳು ಬರುವುದನ್ನು 1987ರಲ್ಲಿ ವೈದ್ಯರು ಬೇರೆಯಾಗಿ ಗುರುತಿಸಿದರು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿದರೆ ಅವು ಹೋಗುತ್ತವೆ. ಈ ಎರಡೂ ಉದಾಹರಣೆಗಳು ನಂಬಿಕೆಗಿಂತ ಹೆಚ್ಚಾಗಿ, ಹಲ್ಲೆಗಳು ತಾವಾಗಿಯೇ ಉದುರುತ್ತವೆ ಎಂಬ ನಿಯಮವನ್ನೇ ಬೆಂಬಲಿಸುತ್ತವೆ. ಪೊರೆ ಕಟ್ಟಿದ್ದು ಗುರುತಿಸಬಹುದಾದ ಸ್ಥಿತಿ, ನಿರ್ದಿಷ್ಟ ಜಾಗ, ನಿರ್ದಿಷ್ಟ ಕಾರಣ. ಅದನ್ನು ತೆಗೆದರೆ ಕೆಲಸ ಮುಗಿಯಿತು. ಎಲ್ಲರ ಎಲ್ಲ ಚರ್ಮಕ್ಕೂ ಎಲ್ಲ ವಾರವೂ ಬೇಕೆಂಬ ತೀರ್ಮಾನ ಇದರಿಂದ ಹುಟ್ಟದು.

ವಿರುದ್ಧ ಪಕ್ಷದ ಅತಿರೇಕವನ್ನೂ ಒಪ್ಪಬೇಕಿಲ್ಲ. ವಾಲ್ನಟ್ ಚಿಪ್ಪಿನ ಪುಡಿಯ ಸ್ಕ್ರಬ್ ಚರ್ಮದಲ್ಲಿ ಸೂಕ್ಷ್ಮ ಸೀಳುಗಳನ್ನು ಮಾಡುತ್ತದೆಂದು ಅಮೆರಿಕದಲ್ಲಿ 2016ರಲ್ಲಿ ದಾವೆ ಹೂಡಲಾಗಿತ್ತು. ಹಾನಿಗೆ ಸಾಕಷ್ಟು ಪುರಾವೆಯಿಲ್ಲವೆಂದು 2018ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಪರೂಪಕ್ಕೆ ಮೆಲ್ಲಗೆ ಹಚ್ಚಿ ತೊಳೆದ ಸ್ಕ್ರಬ್ಬಿನಿಂದ ಆರೋಗ್ಯವಂತ ಚರ್ಮಕ್ಕೆ ದೊಡ್ಡ ಕೇಡಾಗುವುದಿಲ್ಲ. ಪ್ಲಾಸ್ಟಿಕ್ ಕಣಗಳ ಸ್ಕ್ರಬ್ಬುಗಳನ್ನು ಅಮೆರಿಕ 2015ರ ಕಾನೂನಿನಿಂದ, ಬ್ರಿಟನ್ 2018ರಲ್ಲಿ ನಿಷೇಧಿಸಿದ್ದು ಚರ್ಮಕ್ಕಿಂತ ಹೆಚ್ಚಾಗಿ ನದಿ ಸಮುದ್ರಗಳ ಕಾಳಜಿಯಿಂದ. ಆದರೆ ಸದಾ ಒದ್ದೆಯಾಗಿ ನೇತಾಡುವ ಹೀರೆನಾರಿನಲ್ಲಿ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಬೆಳೆದು ಚರ್ಮಕ್ಕೆ ದಾಟಬಲ್ಲವು ಎಂಬುದು 1994ರಲ್ಲೇ ಪ್ರಕಟವಾದ ಅಧ್ಯಯನದಿಂದ ಗೊತ್ತಾಗಿದೆ. ಹಾಗಾಗಿ ನಾರು ಬಳಸುವವರು ಅದನ್ನು ಬಿಸಿಲಿಗೆ ಒಣಗಿಸಿ, ಆಗಾಗ ಬದಲಿಸಬೇಕು.

ಪದರ ತೆಗೆಯುವುದು ನಿಜವಾಗಿ ಕೆಲಸಕ್ಕೆ ಬರುವ ಸಂದರ್ಭಗಳಿವೆ. ಅವನ್ನು ಹೆಸರಿಸಿಯೇ ಹೇಳಬಹುದು:

1. ಸತ್ತ ಕೋಶಗಳು ಉದುರುವ ವ್ಯವಸ್ಥೆಯೇ ಕೆಟ್ಟ ಕಾಯಿಲೆಗಳು. ಮೈಯೆಲ್ಲ ಮೀನಿನ ಹುರುಪೆಯಂತಾಗುವ ಇಕ್ತಿಯೋಸಿಸ್ ಇದಕ್ಕೆ ಉದಾಹರಣೆ. ಯುಜೀನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯು 1974ರಲ್ಲಿ ಆಲ್ಫಾ ಹೈಡ್ರಾಕ್ಸಿ ಆಮ್ಲಗಳ ಪ್ರಯೋಜನವನ್ನು ತೋರಿಸಿದ್ದು ಈ ಕಾಯಿಲೆಯಲ್ಲಿಯೇ. ಇಂದು ಸೌಂದರ್ಯದ ಸೀಸೆಗಳಲ್ಲಿ ತುಂಬಿರುವ ಗ್ಲೈಕೋಲಿಕ್, ಲ್ಯಾಕ್ಟಿಕ್ ಆಮ್ಲಗಳು ಹೊರಟದ್ದು ಚಿಕಿತ್ಸೆಯಾಗಿ.

2. ರೋಮರಂಧ್ರ ಕಟ್ಟಿಕೊಳ್ಳುವ ಮೊಡವೆ. ಇಲ್ಲಿ ಸ್ಯಾಲಿಸಿಲಿಕ್ ಆಮ್ಲ ಉಪಯುಕ್ತ. ಅದು ಜಿಡ್ಡಿನಲ್ಲಿ ಕರಗಿ ರಂಧ್ರದೊಳಗೆ ಇಳಿಯುತ್ತದೆ. ಹರಳಿನ ಸ್ಕ್ರಬ್ ಅಲ್ಲಿಗೆ ಇಳಿಯದೆ, ಊದಿಕೊಂಡ ಮೊಡವೆಯನ್ನು ಇನ್ನಷ್ಟು ಕೆರಳಿಸುತ್ತದೆ.

3. ತೋಳಿನ ಹಿಂಭಾಗದಲ್ಲಿ ಸಣ್ಣ ಗುಳ್ಳೆಗಳೇಳುವ ಕೆರಟೋಸಿಸ್ ಪಿಲಾರಿಸ್, ದಪ್ಪಗಟ್ಟಿದ ಹಿಮ್ಮಡಿ. ಯೂರಿಯಾ ಅಥವಾ ಲ್ಯಾಕ್ಟಿಕ್ ಆಮ್ಲವಿರುವ ಮುಲಾಮು, ಹಿಮ್ಮಡಿಗೆ ನೆನೆಸಿ ಮೆಲ್ಲಗೆ ತಿಕ್ಕುವ ಕಲ್ಲು ಇಲ್ಲಿ ಸರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಮಾತ್ರ ಕಲ್ಲು ಅಪಾಯ. ಆದ ಗಾಯ ಅವರಿಗೆ ತಿಳಿಯುವುದಿಲ್ಲ.

4. ಸೋರಿಯಾಸಿಸ್ಸಿನ ಹುರುಪೆ. ಇದನ್ನು ಮುಲಾಮಿನಿಂದ ಸಡಿಲಿಸಬಹುದು, ತಿಕ್ಕಿ ಕೀಳಬಾರದು. ಗಾಯವಾದ ಜಾಗದಲ್ಲಿ ಹೊಸ ಸೋರಿಯಾಸಿಸ್ ಹುಟ್ಟುವುದನ್ನು 19ನೇ ಶತಮಾನದಲ್ಲಿಯೇ ಹೈನ್ರಿಖ್ ಕೋಬ್ನರ್ ಗುರುತಿಸಿದ್ದರು.

ತಿಕ್ಕಾಟ ಬೇಡವೆಂದವರು ಆಮ್ಲಗಳ ಕಡೆ ಹೊರಳುವುದು ಈಗಿನ ರೂಢಿ. ಮೇಲಿನ ತರ್ಕ ಅವಕ್ಕೂ ಅನ್ವಯಿಸುತ್ತದೆ. ಆಮ್ಲ ಕೈಯಂತೆ ಒರಟಲ್ಲ, ಆದರೂ ತೆಗೆಯುವುದು ಅದೇ ಪದರವನ್ನು. ಅಮೆರಿಕದ ಪ್ರಸಾಧನ ಸಾಮಗ್ರಿಗಳ ಸುರಕ್ಷಾ ಪರಿಶೀಲನಾ ಮಂಡಳಿ 1998ರಲ್ಲಿ ಮನೆಯಲ್ಲಿ ಬಳಸುವ ಆಲ್ಫಾ ಹೈಡ್ರಾಕ್ಸಿ ಆಮ್ಲಗಳಿಗೆ ಶೇ. 10ರ ಮಿತಿ, 3.5ಕ್ಕೆ ಕಡಿಮೆಯಿಲ್ಲದ ಪಿಎಚ್, ಬಿಸಿಲಿನಿಂದ ರಕ್ಷಣೆ ಎಂಬ ಷರತ್ತುಗಳನ್ನು ಹಾಕಿತು. ಇವನ್ನು ಬಳಸುವಾಗ, ಬಿಟ್ಟ ಮೇಲೂ ಒಂದು ವಾರ, ಚರ್ಮ ಬಿಸಿಲಿಗೆ ಹೆಚ್ಚು ಸುಡುತ್ತದೆಂಬ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಹಾಕಬೇಕೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2005ರಲ್ಲಿ ತಯಾರಕರಿಗೆ ಸೂಚಿಸಿತು. ವರ್ಷವಿಡೀ ಬಿಸಿಲು ಬೀಳುವ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಹೊಲದಲ್ಲೋ ಸ್ಕೂಟರಿನ ಮೇಲೋ ದಿನ ಕಳೆಯುವವರಿಗೆ ಈ ಎಚ್ಚರಿಕೆ ದೊಡ್ಡದು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪುರಾವೆ ಒದಗಿಸುವ ಹೊಣೆ ಉಜ್ಜಬೇಕೆನ್ನುವವರದೇ. ಕಂಕುಳು, ತೊಡೆಸಂದಿ, ಪಾದ, ಮಣ್ಣು ಮೆತ್ತಿದ ಕೈಕಾಲುಗಳಿಗೆ ಸೋಪು ಮತ್ತು ಅಂಗೈ ಸಾಕು. ಉಳಿದ ಮೈಗೆ ಬಹುತೇಕ ದಿನ ಉಗುರುಬೆಚ್ಚನೆಯ ನೀರೇ ಸಾಕು, ಒದ್ದೆ ಆರುವ ಮುನ್ನ ಎಣ್ಣೆಯೋ ಮಾಯಿಶ್ಚರೈಸರೋ. ಇದಕ್ಕಿಂತ ಹೆಚ್ಚಿನದನ್ನು ಮಾಡುವ ಮೊದಲು ಯಾವ ಜಾಗಕ್ಕೆ, ಯಾವ ತೊಂದರೆಗೆ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರಬೇಕು. ಕಪ್ಪು ಹೋಗಲಿ ಎಂಬುದು ಉತ್ತರವಾದರೆ ನಾರನ್ನು ಕೆಳಗಿಟ್ಟು ಕಾರಣ ಹುಡುಕಬೇಕು: ಬೆನ್ನು, ಕೊರಳೆಲುಬಿನ ಮೇಲಿನ ಕಪ್ಪಿಗೆ ಉಜ್ಜಿದ ಅಭ್ಯಾಸವೇ ಕಾರಣವಿರಬಹುದು, ಕುತ್ತಿಗೆಯ ಹಿಂದಿನದಕ್ಕೆ ತೂಕ ನೋಡಿ ರಕ್ತದ ಸಕ್ಕರೆ ಪರೀಕ್ಷಿಸಬೇಕಾಗಬಹುದು. ಆ ಪರೀಕ್ಷೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಗುತ್ತದೆ.